ಅಕ್ಕನ ದನಿ ಇದ್ದ ಪೆಟ್ಟಿಗೆ

ಗಂಟಲು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಮುರಿದ ಗಾಲಿಕುರ್ಚಿಗಳನ್ನು ಒಟ್ಟಿದ ಕೋಣೆಗೂ ನಡುವೆ ಸರ್ವರ್ ಕೋಣೆ. ಅದನ್ನು ನೋಡಿಕೊಳ್ಳುವವನಿಗೆ ಎದುರಿಗೆ ಎಲ್ಲರೂ ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಪೆಟ್ಟಿಗೆ ಪಂಡಿತ ಎನ್ನುತ್ತಿದ್ದರು. ಅವನಿಗೆ ಎರಡೂ ಗೊತ್ತಿತ್ತು. ಹೊರಗೆ ಎಷ್ಟೇ ಸೆಕೆಯಿರಲಿ, ಒಳಗಿನ ತಣ್ಣನೆಯ ಗಾಳಿಗೆ ಅದೇ ಬೂದು ಸ್ವೆಟರ್ ತೊಟ್ಟು ಹನ್ನೊಂದು ವರ್ಷ ಸರ್ವರ್ ಪೆಟ್ಟಿಗೆಯ ಮುಂದೆ ಕೂತವನಿಗೆ ಬೇರೆ ಹೆಸರಾದರೂ ಎಲ್ಲಿಂದ ಬರಬೇಕು? ಪೆಟ್ಟಿಗೆ ಕೆಟ್ಟರೆ ಮಾತ್ರ ಅವನ ನೆನಪಾಗುತ್ತಿತ್ತು. ಕೆಡದ ದಿನಗಳಲ್ಲಿ ಅವನು ಇದ್ದಾನೋ ಇಲ್ಲವೋ ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಮನೆಯಲ್ಲಿ ಅವನು ಗುಂಡ. ಹಾಗೆ ಕರೆಯುವವಳು ಒಬ್ಬಳೇ, ಅಕ್ಕ. ಈಗ ಎಂಟು ತಿಂಗಳಿಂದ ಅವಳೂ ಕರೆಯುತ್ತಿರಲಿಲ್ಲ, ಏಕೆಂದರೆ ಅವಳ ಗಂಟಲಿನಲ್ಲಿ ಕರೆಯುವುದಕ್ಕೆ ಏನೂ ಉಳಿದಿರಲಿಲ್ಲ.

ಅಕ್ಕ ಮೂವತ್ತೆರಡು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವಳು. ಅವಳು ಮೇಲಿನ ಮಹಡಿಯಲ್ಲಿ ಮಗ್ಗಿ ಹೇಳಿಸಿದರೆ ಕೆಳಗಿನ ಮಹಡಿಯ ಮಕ್ಕಳೂ ಅದನ್ನೇ ಹೇಳುತ್ತಿದ್ದರಂತೆ. ಅಮ್ಮ ಹೋದಾಗ ಗುಂಡನಿಗೆ ಆರು ವರ್ಷ, ಅವಳಿಗೆ ಹದಿನೇಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಈ ಒಬ್ಬನನ್ನು ಸಾಕೋಷ್ಟರಲ್ಲೇ ಸುಸ್ತಾಗಿ ಹೋಯ್ತು ಎಂದು ನಗುತ್ತಿದ್ದಳು. ಗಂಟಲಿನ ಗಡ್ಡೆ ಕೆಟ್ಟದ್ದು ಎಂದು ಗೊತ್ತಾದ ದಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಪ್ರಾಣ ಉಳಿಸಬಹುದು, ದನಿ ಉಳಿಸಲಾಗದು. ಅಕ್ಕ, "ಸರಿ, ಹಾಗಾದ್ರೆ ಅಷ್ಟರೊಳಗೆ ಮಾತಾಡಿ ಮುಗಿಸ್ಬೇಕು" ಎಂದಳು.

ಮೂರನೆಯ ಮಹಡಿಯಲ್ಲಿ ಒಂದು ಧ್ವನಿ ಕೋಣೆಯಿತ್ತು. ಆಪರೇಷನ್‌ಗೆ ಮುಂಚೆ ರೋಗಿಗಳು ಅಲ್ಲಿ ಕೂತು ಎರಡು ಸಾವಿರ ವಾಕ್ಯಗಳನ್ನು ಓದಬೇಕು. ಓದಿದ್ದೆಲ್ಲ ನೆಲಮಾಳಿಗೆಯ ಸರ್ವರಿನಲ್ಲಿ ಜಮೆಯಾಗುತ್ತದೆ. ಬೇರೆ ಊರಿನ ಒಂದು ವಿಶ್ವವಿದ್ಯಾಲಯದವರು ಅದನ್ನು ತೆಗೆದುಕೊಂಡು, ಬೆರಳಲ್ಲಿ ಬರೆದದ್ದನ್ನು ಅದೇ ಮನುಷ್ಯರ ದನಿಯಲ್ಲಿ ಆಡುವ ಯಂತ್ರ ಮಾಡಿಕೊಡುತ್ತಾರೆ. ಆದರೆ ಅವರದೊಂದು ನಿಯಮ. ಒಬ್ಬೊಬ್ಬರದನ್ನು ತೆಗೆದುಕೊಳ್ಳುವುದಿಲ್ಲ, ಐವತ್ತು ಜನರದು ಸೇರಿದ ಮೇಲೆ ಒಟ್ಟಿಗೆ ಕಳುಹಿಸಬೇಕು.

ಅಕ್ಕ ಹನ್ನೆರಡು ದಿನ ಆ ಕೋಣೆಯಲ್ಲಿ ಕೂತು ಎರಡು ಸಾವಿರವನ್ನೂ ಓದಿದಳು. ಭಾಷೆಯ ಎಲ್ಲ ಉಚ್ಚಾರಗಳೂ ಸಿಗಲಿ ಎಂದು ಬರೆದ ವಾಕ್ಯಗಳು ಅವು, ಅರ್ಥದ ಗೊಡವೆ ಅವಕ್ಕಿರಲಿಲ್ಲ. 'ಏಳು ಮೊಲಗಳು ಒಂದೇ ಕೊಡೆಯ ಕೆಳಗೆ ನಿಂತವು' ಎಂಬುದನ್ನು ಓದಿ ಬಂದ ಸಂಜೆ ಅಕ್ಕ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತು, "ಯಾವ ತಲೆಕೆಟ್ಟೋನೋ ಬರೆದಿದ್ದು ಅದನ್ನ? ಮೊಲಕ್ಕೆ ಕೊಡೆ ಯಾಕೋ ಗುಂಡಾ?" ಎಂದು ಕೇಳಿದ್ದಳು. ಆಪರೇಷನ್‌ಗೆ ಆಗ ಐದು ದಿನ ಉಳಿದಿತ್ತು.

ಆಮೇಲೆ ಬಂದವಳು ಹಲಗೆಯ ಅಕ್ಕ. ಕೈಯಲ್ಲೊಂದು ಬಿಳಿ ಹಲಗೆ, ಕೊರಳಿಗೆ ದಾರ ಕಟ್ಟಿ ತೂಗುಬಿಟ್ಟ ಪೆನ್ನು. ಟೀಚರಲ್ಲವೇ, ಬರೆಯಲು ಕೂತರೆ ಗ್ರಂಥದ ಭಾಷೆಯೇ ಬರುತ್ತಿತ್ತು. ಬಾಯಿದ್ದ ಅಕ್ಕ, ತಿಂದ್ಯೇನೋ ಎಂದು ಬಾಗಿಲಲ್ಲೇ ಕೂಗುತ್ತಿದ್ದಳು. ಹಲಗೆಯ ಅಕ್ಕ 'ಊಟವಾಯಿತೇ?' ಎಂದು ಪ್ರಶ್ನೆಯ ಚಿಹ್ನೆಯನ್ನೂ ಮರೆಯದೆ ಬರೆಯುತ್ತಿದ್ದಳು. ತಪ್ಪಿಲ್ಲದ ದುಂಡನೆಯ ಅಕ್ಷರ. ಗುಂಡನಿಗೆ ಅದನ್ನು ಓದಿದಾಗಲೆಲ್ಲ ಯಾರೋ ಇಲಾಖೆಯಿಂದ ತನಗೆ ಪತ್ರ ಬರೆದಂತಾಗುತ್ತಿತ್ತು. ಬೈಗುಳವಂತೂ ನಿಂತೇಹೋಗಿತ್ತು. ಬರೆದು ಬೈಯುವಷ್ಟರಲ್ಲಿ ಸಿಟ್ಟೇ ಇಳಿದುಹೋಗುತ್ತದೆ ಎಂದು ಅವಳೇ ಒಮ್ಮೆ ಬರೆದು ತೋರಿಸಿದ್ದಳು. ಕೆಳಗೆ ಸೇರಿಸಿದ್ದಳು: 'ಯಂತ್ರ ಬಂದ ದಿನ ಮೊದಲು ನಿನ್ನನ್ನೇ ಬೈಯುತ್ತೇನೆ. ಕೂಡಿಟ್ಟಿದ್ದೇನೆ.'

ದಿನವೂ ಅವನು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹಲಗೆ ಮುಂದೆ ಬರುತ್ತಿತ್ತು: 'ಇಂದು ಎಷ್ಟು?' ಅವನು ಹೇಳುತ್ತಿದ್ದ. ಮೂವತ್ತೊಂದು. ಮೂವತ್ತೆಂಟು. ಬುಧವಾರ ಸಂಜೆ ಅವನು ನಲವತ್ತೇಳು ಎಂದಾಗ ಅಕ್ಕ ಮೂರು ಬೆರಳು ಎತ್ತಿ ತೋರಿಸಿ ನಕ್ಕಳು. ಇನ್ನು ಮೂರೇ ಜನ.

ಇಷ್ಟರ ನಡುವೆ ಪೆಟ್ಟಿಗೆಯ ಕಥೆಯೊಂದು ನಡೆಯುತ್ತಿತ್ತು. ಅದನ್ನು ಬಿಡಿಸಿ ಹೇಳದೆ ಮುಂದೆ ಹೋಗುವಂತಿಲ್ಲ, ಕೇಳುವವರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಸರ್ವರಿನಲ್ಲಿ ಎಂಟು ಡಿಸ್ಕುಗಳಿದ್ದವು. ಡಿಸ್ಕುಗಳಿಗೂ ಸರ್ವರಿಗೂ ನಡುವೆ ನಿಂತು ಕೊಡುವುದು ಕೊಳ್ಳುವುದು ಮಾಡುವ ಒಂದು ಕಾರ್ಡು, ಅದರ ಹೆಸರು ಅಡಾಪ್ಟರ್. ಆ ಅಡಾಪ್ಟರಿನ ಜೊತೆ ಹೇಗೆ ವ್ಯವಹರಿಸಬೇಕೆಂದು ಸರ್ವರಿಗೆ ಹೇಳಿಕೊಡುವ ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಮೂರು ವಾರದ ಹಿಂದೆ ಸರ್ವರಿನ ಮೂಲ ಸಾಫ್ಟ್‌ವೇರನ್ನು ಹೊಸದು ಮಾಡಿದಾಗ ಡ್ರೈವರೂ ಹೊಸದಾಯಿತು, ಅಡಾಪ್ಟರ್ ಹಳೆಯದೇ ಉಳಿಯಿತು. ಅಂದಿನಿಂದ ಎರಡಕ್ಕೂ ಎಣ್ಣೆ ಸೀಗೆಕಾಯಿ. ಕೆಲಸ ಹೆಚ್ಚಾದಾಗಲೆಲ್ಲ ಅಡಾಪ್ಟರ್ ಅರ್ಧ ನಿಮಿಷ ಮೂಕಾಗುತ್ತಿತ್ತು, ಡ್ರೈವರ್ ಅದನ್ನು ತಟ್ಟಿ ಎಬ್ಬಿಸುತ್ತಿತ್ತು, ಮತ್ತು ಹಾಗೆ ಎಬ್ಬಿಸಿದ್ದನ್ನು ಪಂಡಿತನಿಗೆ ಮೇಲ್ ಕಳಿಸಿ ವರದಿ ಮಾಡುತ್ತಿತ್ತು. 'ಅಡಾಪ್ಟರ್ ಉತ್ತರಿಸುತ್ತಿಲ್ಲ. ಮತ್ತೆ ಶುರು ಮಾಡಲಾಗಿದೆ.' ದಿನಕ್ಕೆ ಇನ್ನೂರು ಸಲ.

ಪಂಡಿತ ಸುಮ್ಮನೆ ಕೂತವನಲ್ಲ. ಕಾರ್ಡು ಬಿಚ್ಚಿ ಒರೆಸಿ ಹಾಕಿದ, ಕೇಬಲ್ ಬದಲಿಸಿದ, ಪಕ್ಕದ ಸ್ಲಾಟಿಗೆ ಸರಿಸಿದ. ಹಳೆಯ ಡ್ರೈವರಿಗೆ ಮರಳಲು ನೋಡಿದರೆ ಹೊಸ ಸಾಫ್ಟ್‌ವೇರು ಅದನ್ನು ಒಳಗೆ ಬಿಡಲಿಲ್ಲ. ಅಡಾಪ್ಟರಿನ ಒಳಗಿನ ಪ್ರೋಗ್ರಾಮನ್ನೇ ಹೊಸದು ಮಾಡಬೇಕು, ಅದಕ್ಕೆ ಅರ್ಧ ದಿನ ಸರ್ವರ್ ನಿಲ್ಲಿಸಬೇಕು ಎಂದು ದೊಡ್ಡ ಡಾಕ್ಟರ ಬಳಿ ಹೋಗಿ ಹೇಳಿದ. ಅವರು ಆಪರೇಷನ್‌ಗಳ ಪಟ್ಟಿ ತೋರಿಸಿ, ತಿಂಗಳ ಕೊನೆಯ ಭಾನುವಾರ ಮಾಡಿ, ಅಲ್ಲಿಯವರೆಗೆ ಹೇಗಾದರೂ ಎಳೆಯಿರಿ ಎಂದರು. ಎಳೆಯುವುದು ಅವನಿಗೆ ಹೊಸದಲ್ಲ. ಆದರೆ ದಿನಕ್ಕೆ ಇನ್ನೂರು ಮೇಲ್ ಬಂದರೆ ಉಳಿದದ್ದನ್ನು ಓದುವುದು ಹೇಗೆ? ಒಂದು ಮಧ್ಯಾಹ್ನ ತಲೆ ಚಿಟ್ಟು ಹಿಡಿದು, ಅಡಾಪ್ಟರಿನ ಹೆಸರಿದ್ದ ಮೇಲ್‌ಗಳೆಲ್ಲ ಬಂದ ಕೂಡಲೇ ತಾವಾಗಿ ಅಳಿಸಿಹೋಗುವಂತೆ ಒಂದು ಫಿಲ್ಟರ್ ಹಾಕಿದ. ಭಾನುವಾರದವರೆಗೆ ಮಾತ್ರ ಎಂದುಕೊಂಡ. ಆ ಸಂಜೆ ಅವನಿಗೆ ಎಷ್ಟು ಹಾಯೆನಿಸಿತೆಂದರೆ ಬಸ್ಸಿನಲ್ಲಿ ನಿದ್ದೆ ಮಾಡಿ ಇಳಿಯುವ ಜಾಗ ದಾಟಿ ಹೋದ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಅವನು ಬಂದಾಗ ಕೋಣೆಯ ಹೊರಗೆ ಇಬ್ಬರು ನರ್ಸುಗಳು ನಿಂತಿದ್ದರು. ಹೊರರೋಗಿ ವಿಭಾಗದಲ್ಲಿ ಯಾರ ಫೈಲೂ ತೆರೆಯುತ್ತಿಲ್ಲ. ಅವನು ಪೆಟ್ಟಿಗೆಯ ಕಬ್ಬಿಣದ ಮುಂಬಾಗಿಲು ತೆಗೆದ. ಅದನ್ನು ಅವನು ತೆಗೆದೇ ಎಷ್ಟೋ ದಿನವಾಗಿತ್ತು, ಫ್ಯಾನಿನ ಸದ್ದು ಕೇಳಿ ಎಲ್ಲ ಸರಿಯಿದೆ ಎಂದುಕೊಳ್ಳುವುದು ಅವನ ರೂಢಿ. ಎಂಟು ದೀಪಗಳಲ್ಲಿ ಎರಡು ಕೆಂಪಾಗಿದ್ದವು. ಮೂರನೆಯದು ಮಿಣುಕುತ್ತಿತ್ತು. ಐದನೆಯದು ಅಲ್ಲಾಡದೆ ಉರಿಯುತ್ತಿತ್ತು.

ಎಂಟರಲ್ಲಿ ಒಂದು ಬಿದ್ದರೆ ಉಳಿದ ಏಳು ಅದರ ಪಾಲನ್ನು ಹೊತ್ತು ನಡೆಯುತ್ತವೆ. ಎರಡು ಬಿದ್ದರೆ ಎಲ್ಲವೂ ನಿಲ್ಲುತ್ತದೆ. ಪಂಡಿತ ಆದರೂ ಹೆದರಲಿಲ್ಲ, ಏಕೆಂದರೆ ಡಿಸ್ಕುಗಳು ಸತ್ತಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಾಜರಿ ಕೂಗಿದಾಗ ಓಗೊಡದ ಮಗುವಿನ ಹೆಸರನ್ನು ಟೀಚರು ಹೊಡೆದುಹಾಕಿದ ಹಾಗೆ, ಅಡಾಪ್ಟರ್ ಆ ಎರಡನ್ನು ಪಟ್ಟಿಯಿಂದ ತೆಗೆದಿತ್ತು, ಅಷ್ಟೆ. ಮತ್ತೆ ಸೇರಿಸಿದರಾಯಿತು. ಆದರೆ ಸೇರಿಸುವುದಕ್ಕೊಂದು ಕ್ರಮವಿದೆ, ಆ ಕೆಲಸದವರೆಲ್ಲರಿಗೂ ಗೊತ್ತಿರುವ ಕ್ರಮ. ಕೊನೆಗೆ ಬಿದ್ದದ್ದನ್ನು ಮೊದಲು ಸೇರಿಸಬೇಕು. ಇವತ್ತು ಬೆಳಿಗ್ಗೆ ಮನೆ ಬಿಟ್ಟವನಿಗೆ ನಿನ್ನೆಯವರೆಗಿನ ಸುದ್ದಿಯೆಲ್ಲ ಗೊತ್ತಿರುತ್ತದೆ. ತಿಂಗಳ ಹಿಂದೆ ಬಿಟ್ಟವನನ್ನು ಕರೆದು ಕೂರಿಸಿದರೆ ಅವನು ಹಳೆಯ ಸುದ್ದಿಯನ್ನೇ ಹೊಸದೆಂದು ಹೇಳುತ್ತಾನೆ, ಅಡಾಪ್ಟರ್ ಅದನ್ನೇ ನಂಬಿ ಉಳಿದದ್ದನ್ನೆಲ್ಲ ಅದಕ್ಕೆ ತಕ್ಕಂತೆ ತಿದ್ದಿ ಬರೆಯತೊಡಗುತ್ತದೆ.

ಹಾಗಾದರೆ ಮೊದಲು ಬಿದ್ದದ್ದು ಯಾವುದು? ಮೇಲ್ ನೋಡಿದ. ಒಂದೂ ಇರಲಿಲ್ಲ. ಇರುವುದು ಹೇಗೆ, ಅವನೇ ಅಳಿಸಲು ಹೇಳಿದ್ದನಲ್ಲ. ಅಡಾಪ್ಟರಿಗೂ ತನ್ನದೊಂದು ನೆನಪಿನ ಪುಸ್ತಕವಿತ್ತು. ಅದು ಕೊನೆಯ ಐನೂರು ಸಾಲುಗಳನ್ನು ಮಾತ್ರ ಇಟ್ಟುಕೊಳ್ಳುತ್ತಿತ್ತು. ಐನೂರೂ ಬೆಳಗಿನ ಒಂದೇ ಗಂಟೆಯಲ್ಲಿ, ಉತ್ತರಿಸುತ್ತಿಲ್ಲ, ಉತ್ತರಿಸುತ್ತಿಲ್ಲ ಎಂಬ ಒಂದೇ ದೂರಿನಿಂದ ತುಂಬಿದ್ದವು. ದೊಡ್ಡ ಡಾಕ್ಟರು ಮೂರನೆಯ ಸಲ ಫೋನ್ ಮಾಡಿದರು. ಆಪರೇಷನ್ ಕೋಣೆಯಲ್ಲಿ ಒಬ್ಬ ರೋಗಿಯನ್ನು ಮೇಜಿನ ಮೇಲೆ ಮಲಗಿಸಿಯಾಗಿತ್ತು, ಅವನ ಸ್ಕ್ಯಾನ್ ಕಾಣುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಏನು ಮಾಡಬಾರದೆಂದು ಹೊಸಬರಿಗೆ ಹೇಳಿಕೊಡುತ್ತಿದ್ದವನು ಅವನೇ. ಕೈ ಕಟ್ಟಿಕೊಂಡು ನಿಲ್ಲಿ, ಪ್ರತಿ ಡಿಸ್ಕಿನ ನಕಲು ಮಾಡುವವರೆಗೆ ಏನನ್ನೂ ಮುಟ್ಟಬೇಡಿ ಎನ್ನುತ್ತಿದ್ದ. ನಕಲಿಗೆ ಎರಡು ದಿನ ಬೇಕು. ಅದೂ ಬೇಡ, ಡಿಸ್ಕಿನೊಳಗೆ ಮೊದಲ ಸಾಲಿನಲ್ಲೇ ಅದು ಕೊನೆಯ ಸಲ ಬರೆದ ದಿನಾಂಕ ಇರುತ್ತದೆ, ಹೊರಗೆ ತೆಗೆದು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ಅವನು ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಆಮೇಲೆ ಸಾವಿರ ಸಲ ಕೇಳಿಕೊಂಡ. ಹನ್ನೊಂದು ವರ್ಷದಲ್ಲಿ ಹೆಚ್ಚು ಕಾಲ ಅವನು ನೋಡಿದ್ದ ಹಳೆಯ ಪೆಟ್ಟಿಗೆಯಲ್ಲಿ ಹೊಸದಾಗಿ ಬಿದ್ದ ಡಿಸ್ಕಿನ ದೀಪ ಮಿಣುಕುತ್ತಿತ್ತು. ಮೂರನೆಯದು ಮಿಣುಕುತ್ತಿದೆ, ಹಾಗಾದರೆ ಈಗಷ್ಟೇ ಬಿದ್ದದ್ದು ಅದೇ. ಕಣ್ಣು ಹೇಳಿತು, ಕೈ ಒತ್ತಿತು.

ಪೆಟ್ಟಿಗೆ ಎದ್ದಿತು. ಫೈಲುಗಳ ಹೆಸರೆಲ್ಲ ಸಾಲಾಗಿ ಬಂದವು. ಮೇಲಿನಿಂದ ನರ್ಸು ಫೋನ್ ಮಾಡಿ, ಸ್ಕ್ಯಾನ್ ಕಾಣ್ತಿದೆ ಸಾರ್ ಎಂದಳು. ಪಂಡಿತ ಸ್ವೆಟರಿನ ತೋಳಿನಿಂದ ಹಣೆ ಒರೆಸಿಕೊಂಡು ಕ್ಯಾಂಟೀನಿಗೆ ಹೋಗಿ ಚಹಾ ಕುಡಿದ. ಎರಡು ಬಿಸ್ಕತ್ತನ್ನೂ ತಿಂದ. ಆ ಬಿಸ್ಕತ್ತುಗಳನ್ನು ನೆನೆದು ಅವನಿಗೆ ಆಮೇಲೆ ಎಷ್ಟು ನಾಚಿಕೆಯಾಯಿತೆಂದು ಹೇಳತೀರದು. ಅವನು ತಿನ್ನುತ್ತಿದ್ದಾಗ ಕೆಳಗೆ ಅಡಾಪ್ಟರ್ ಮೊದಲ ಸಾಲಿನಿಂದ ಹಿಡಿದು ಒಂದೊಂದನ್ನೇ ತಿದ್ದಿ ಬರೆಯುತ್ತಿತ್ತು.

ಹನ್ನೆರಡು ಗಂಟೆಗೆ ಧ್ವನಿ ಕೋಣೆಯನ್ನು ನೋಡಿಕೊಳ್ಳುವ ಹೆಂಗಸು ಕೆಳಗಿಳಿದು ಬಂದಳು. ರೋಗಿಗಳಿಗೆ ಮಾತಿನ ಅಭ್ಯಾಸ ಮಾಡಿಸುವವಳು, ನಲವತ್ತು ದಾಟಿದವಳು, ಅವಳನ್ನು ಎಲ್ಲರೂ ಮಾತಿನ ಮೇಡಂ ಎನ್ನುತ್ತಿದ್ದರು.  ತನ್ನ ಫೋನನ್ನು ಅವನ ಕಿವಿಗೆ ಹಿಡಿದಳು. ಕಲ್ಲಿನ ಮೇಲೆ ಸರಪಳಿ ಎಳೆದಂಥ ಸದ್ದು.

"ಇದು ಹರಾಜು ಕೂಗೋ ಕೆಲಸದ ರೋಗಿಯೊಬ್ರ ಫೈಲು ಸಾರ್," ಎಂದಳು. "ಎಲ್ಲಾರದ್ದೂ ಹೀಗೇ ಇದೆ."

ಅವನು ಐದನೆಯ ಡಿಸ್ಕನ್ನೂ ಮೂರನೆಯದನ್ನೂ ಎಳೆದು ತೆಗೆದು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದ. ಹತ್ತು ನಿಮಿಷವೂ ಬೇಕಾಗಲಿಲ್ಲ. ಐದನೆಯದು ಇವತ್ತು ಬೆಳಿಗ್ಗೆಯವರೆಗೆ ಬರೆದಿತ್ತು. ಮೂರನೆಯದು ಮಧ್ಯೆ ಹದಿನೆಂಟು ದಿನ ಸುಮ್ಮನಿತ್ತು. ಫಿಲ್ಟರ್ ಹಾಕಿದ ಮಾರನೆಯ ದಿನವೇ ಬಿದ್ದು, ಅಷ್ಟು ದಿನವೂ ಮುಚ್ಚಿದ ಬಾಗಿಲ ಹಿಂದೆ ಮಿಣುಕುತ್ತಾ ಇತ್ತು. ಈ ಪೆಟ್ಟಿಗೆಯಲ್ಲಿ ಮಿಣುಕಿನ ಅರ್ಥ ಹಳೆಯ ಪೆಟ್ಟಿಗೆಯದಾಗಿರಲಿಲ್ಲ.

ಆ ಹದಿನೆಂಟು ದಿನಗಳ ಒಳಗೇ ಅವನು ಇನ್ನೊಂದು ಕೆಲಸ ಮಾಡಿದ್ದ. ಐವತ್ತು ಹತ್ತಿರವಾಗುತ್ತಿದೆ, ಎಲ್ಲ ಧ್ವನಿಗಳನ್ನೂ ನಮ್ಮ ಯಂತ್ರಕ್ಕೆ ಬೇಕಾದ ರೂಪಕ್ಕೆ ಬದಲಿಸಿ ಇಡಿ ಎಂದು ವಿಶ್ವವಿದ್ಯಾಲಯದವರು ಬರೆದಿದ್ದರು. ಅವನು ಉತ್ಸಾಹದಿಂದ ನಾಲ್ಕೇ ದಿನದಲ್ಲಿ ಎಲ್ಲರದನ್ನೂ ಬದಲಿಸಿ, ಜಾಗ ಸಾಲದೆಂದು ಹಳೆಯದನ್ನು ಅಳಿಸಿದ್ದ. ಅಕ್ಕನದನ್ನು ಎಲ್ಲರಿಗಿಂತ ಮೊದಲು ಬದಲಿಸಿದ್ದ. ರೋಗಿಗಳ ದಾಖಲೆಗಳ ನಕಲು ಪ್ರತಿದಿನ ಬೇರೆ ಕಟ್ಟಡಕ್ಕೆ ಹೋಗುತ್ತಿತ್ತು, ಅವನ್ನು ಅಲ್ಲಿಂದ ಮರಳಿ ತರಲು ಹಚ್ಚಿದ, ಸಂಜೆಯೊಳಗೆ ಬಂದವು. ಧ್ವನಿಗಳು ದೊಡ್ಡವು, ಅವುಗಳ ನಕಲಿಗೆ ಅಲ್ಲಿ ಜಾಗವಿರಲಿಲ್ಲ. ನಕಲು ಇತ್ತು, ಇಲ್ಲವೆಂದಲ್ಲ. ಅದೇ ಪೆಟ್ಟಿಗೆಯಲ್ಲಿ, ಅದೇ ಎಂಟು ಡಿಸ್ಕುಗಳ ಮೇಲೆ, ಅದೇ ಅಡಾಪ್ಟರಿನ ಹಿಂದೆ ಇತ್ತು.

ಹಾಳಾದ ಡಿಸ್ಕುಗಳಿಂದ ಫೈಲು ಬಿಡಿಸಿಕೊಡುವ ಹಳೆಯ ಗೆಳೆಯನೊಬ್ಬನಿಗೆ ಫೋನ್ ಮಾಡಿದ. ಗೆಳೆಯ ಎಲ್ಲವನ್ನೂ ಕೇಳಿ, ತಿದ್ದಿ ಬರೆಯೋದು ಎಲ್ಲಿವರೆಗೆ ಹೋಗಿತ್ತು ಎಂದು ವಿಚಾರಿಸಿದ. ಧ್ವನಿಗಳಿದ್ದ ಜಾಗವನ್ನೂ ನಕಲಿನ ಜಾಗವನ್ನೂ ದಾಟಿದೆ ಎಂದ ಪಂಡಿತ. 

"ಬಿದ್ದ ಗೋಡೆ ಕಟ್ಟಬಹುದು ಮಾರಾಯ," ಎಂದ ಗೆಳೆಯ. "ಒಂದರ ಮೇಲೆ ಇನ್ನೊಂದು ಬರೆದಿದ್ದನ್ನ ನಾನಲ್ಲ, ಯಾರೂ ತೆಗೆಯೋಕಾಗಲ್ಲ. ನೀನು ಸುಮ್ನೆ ಆಸೆ ಇಟ್ಕೋಬೇಡ."

ಪಂಡಿತ ಫೋನಿಟ್ಟು ಕುರ್ಚಿಯಲ್ಲಿ ಕೂತ. ಪಕ್ಕದ ಕೋಣೆಯಲ್ಲಿ ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿತ್ತು. ಅಳು ಕೂಡ ಬರಲಿಲ್ಲ. ನಲವತ್ತೇಳು ಜನ ಎಂದು ಬಾಯಲ್ಲಿ ಹೇಳಿಕೊಂಡ. ಆದರೆ ಅವನ ಕಣ್ಣ ಮುಂದೆ ಇದ್ದದ್ದು ಒಬ್ಬಳೇ. ಮೂರು ಬೆರಳು ಎತ್ತಿ ನಗುತ್ತಿದ್ದಳು.

ಮಾತಿನ ಮೇಡಂ ಮೂರು ಗಂಟೆಗೆ ಮತ್ತೆ ಬಂದಳು. ಧ್ವನಿ ಕೋಣೆಯ ಕಂಪ್ಯೂಟರು ಓದಿಸಿದ್ದನ್ನೆಲ್ಲ ಸರ್ವರಿಗೆ ಕಳಿಸಿ ತಾನು ಅಳಿಸಿಬಿಡುತ್ತದೆ. ಆದರೆ ಓದಲು ಶುರು ಮಾಡುವ ಮೊದಲು ಮೈಕು ಸರಿಯಿದೆಯೇ ಎಂದು ನೋಡಲು ರೋಗಿಗಳಿಂದ ಒಂದರಿಂದ ಹತ್ತರವರೆಗೆ ಹೇಳಿಸುತ್ತಿದ್ದರು. ಆ ತುಣುಕುಗಳನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ, ಹಾಗಾಗಿ ಯಾರೂ ಅಳಿಸಿರಲೂ ಇಲ್ಲ. ಅವಳು ಅಕ್ಕನದೊಂದು ತುಣುಕನ್ನು ಅವನ ಫೋನಿಗೆ ಹಾಕಿಕೊಟ್ಟಳು. ಹದಿನಾಲ್ಕು ಸೆಕೆಂಡು. ಅದರಿಂದ ಯಂತ್ರ ಮಾಡಬಹುದೇ ಎಂದು ಕೇಳುವಷ್ಟು ದಡ್ಡನಲ್ಲ ಅವನು. ಆದರೂ ಕೇಳಿದ. ಅವಳು ಆಗದೆಂದು ತಲೆಯಾಡಿಸಿದಳು.

ನಾಲ್ಕು ಗಂಟೆಗೆ ಮನೆಗೆ ಹೋದ. ಅಷ್ಟು ಬೇಗ ಬಂದವನನ್ನು ಕಂಡು ಅಕ್ಕ ಮೊದಲು ಅವನ ಹಣೆ ಮುಟ್ಟಿ ನೋಡಿದಳು. ಆಮೇಲೆ ಹಲಗೆ ಎತ್ತಿಕೊಂಡಳು. 'ಇಂದು ಎಷ್ಟು?'

ಅವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಫಿಲ್ಟರಿನಿಂದ ಹಿಡಿದು ಬಿಸ್ಕತ್ತಿನವರೆಗೆ. ಅಡಾಪ್ಟರು, ಡ್ರೈವರು, ಮೂರನೆಯದು, ಐದನೆಯದು. ಅಕ್ಕನಿಗೆ ಅದರಲ್ಲಿ ಎಷ್ಟು ಅರ್ಥವಾಯಿತೋ, ಲೆಕ್ಕದ ಟೀಚರು ಹುಡುಗರು ತಪ್ಪು ಲೆಕ್ಕ ಒಪ್ಪಿಸುವಾಗ ಕೇಳುವ ಹಾಗೆ, ನಡುವೆ ಬಾಯಿ ಹಾಕದೆ ಕೇಳಿದಳು. ಈಗ ಬಾಯಿ ಹಾಕುವ ಹಾಗೂ ಇರಲಿಲ್ಲ.

"ನಾನೇ ಕಳೆದೆ ಅಕ್ಕ," ಎಂದ ಕೊನೆಗೆ. "ಪೆಟ್ಟಿಗೆ ಅಲ್ಲ. ನಾನೇ."

ಅಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಉಸಿರಾಡಲೆಂದು ಆಪರೇಷನ್ನಿನಲ್ಲಿ ಅವಳ ಕೊರಳಿಗೆ ಮಾಡಿದ್ದ ರಂಧ್ರದಲ್ಲಿ ಉಸಿರು ಒಂದೆರಡು ಸಲ ಜೋರಾಗಿ ಆಡಿತು. ಅವಳು ಬೈಯಲಿ ಎಂದು ಅವನು ಕಾದ. ಹಲಗೆಯ ತುಂಬ ಬೈಯಲಿ, ಹಲಗೆ ಎತ್ತಿ ತಲೆಗೆ ಹೊಡೆಯಲಿ. ಅವಳು ಕೂತಳು. ಬಹಳ ಹೊತ್ತು ಕಿಟಕಿಯ ಕಡೆ ನೋಡಿದಳು, ಅಲ್ಲಿ ಎದುರು ಮನೆಯ ಒಣಗಿಸಿದ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಪೆನ್ನಿನ ಮುಚ್ಚಳ ತೆಗೆದಳು.

'ಆ ನಲವತ್ತೇಳರಲ್ಲಿ ಇನ್ನೂ ದನಿ ಇರುವವರು ಯಾರಾದರೂ ಇದ್ದಾರೆಯೇ?'

ಅವನಿಗೆ ಅದು ಹೊಳೆದೇ ಇರಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ತಲೆ ಹಿಡಿದು ಕೂತವನಿಗೆ ಇಷ್ಟು ಸರಳ ಲೆಕ್ಕ ಬಂದಿರಲಿಲ್ಲ. ಮಾತಿನ ಮೇಡಂಗೆ ಫೋನ್ ಮಾಡಿದ. ಅವಳು ಪಟ್ಟಿ ತಿರುವಿ ನೋಡಿ ಒಬ್ಬರಿದ್ದಾರೆ ಎಂದಳು. ಹರಾಜು ಕೂಗುವವರು. ನಾಳೆ ಬೆಳಿಗ್ಗೆ ಆಪರೇಷನ್, ಇವತ್ತು ಆಗಲೇ ವಾರ್ಡಿಗೆ ಬಂದು ಮಲಗಿದ್ದಾರೆ.

 ಅಕ್ಕ ಬಾಗಿಲ ಕಡೆಗೆ ಕೈ ತೋರಿಸಿದಳು. ಅವನು ಹೊರಡುವಾಗ ಫೋನಿನ ತುಣುಕನ್ನು ಅವಳ ಫೋನಿಗೆ ಕಳಿಸಿ, ಇಷ್ಟೇ ಉಳಿದಿರೋದು ಎಂದ. ಅವಳು ಅದನ್ನು ಕೇಳಿಸಿಕೊಳ್ಳದೆ ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟಳು.

ಹರಾಜು ಕೂಗುವವನು ದಪ್ಪನೆಯ ಮನುಷ್ಯ. ಹಳೆಯ ಮೇಜು, ಕುರ್ಚಿ, ಗಡಿಯಾರ, ಏನಿದ್ದರೂ ಕೂಗಿ ಮಾರಿ ಬದುಕಿದವನು. ಪಂಡಿತ ಹಾಸಿಗೆಯ ಪಕ್ಕ ನಿಂತು, ನಿಮ್ಮ ದನಿ ನನ್ನ ಕೈತಪ್ಪಿನಿಂದ ಹೋಯಿತು, ಇವತ್ತು ಆದಷ್ಟು ಮತ್ತೆ ಓದಬೇಕು ಎಂದಾಗ ಅವನು ಸ್ವಲ್ಪ ಹೊತ್ತು ದುರುಗುಟ್ಟಿ ನೋಡಿದ. ಆಮೇಲೆ ಎದ್ದು ಹವಾಯಿ ಚಪ್ಪಲಿ ಮೆಟ್ಟಿಕೊಂಡ. ಒಂದು ತಿಂಗಳಲ್ಲಿ ಅವನ ಗಂಟಲು ಮತ್ತೂ ಕೆಟ್ಟಿತ್ತು. ಪ್ರತಿ ವಾಕ್ಯಕ್ಕೂ ನೀರು ಬೇಕಾಗುತ್ತಿತ್ತು. ಪಂಡಿತ ಲೋಟ ಹಿಡಿದು ಪಕ್ಕದಲ್ಲಿ ಕೂತ. ಓದಿದ್ದು ಮೂರು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಉಳಿಯುವಂತೆ ಮಾಡಿ, ಪ್ರತಿ ಹತ್ತು ವಾಕ್ಯಕ್ಕೊಮ್ಮೆ ಹಿಂದಕ್ಕೆ ಹಾಕಿ ಕೇಳಿ ನೋಡುತ್ತಿದ್ದ.

ಏಳು ಮೊಲಗಳ ವಾಕ್ಯ ಬಂದಾಗ ಹರಾಜು ಕೂಗುವವನು ತಡೆದು, "ಏಳು ಮೊಲ, ಒಂದು ಕೊಡೆ," ಎಂದು ಒಡಕು ದನಿಯಲ್ಲೇ ರಾಗ ಎಳೆದ. "ಯಾರು ಕೇಳ್ತೀರಿ ಸ್ವಾಮಿ? ಕೊಡೆ ಸಮೇತ ಕೊಡ್ತೀನಿ."

ಮಾತಿನ ಮೇಡಂ ನಕ್ಕಳು. ಪಂಡಿತನಿಗೆ ನಗು ಬರಲಿಲ್ಲ. ಸೌಟು ಹಿಡಿದು ನಿಂತ ಅಕ್ಕ ಅವನಿಗೆ ಕಂಡಳು, ಅವಳು ಆಡಿದ ಮಾತುಗಳೂ ಒಂದೂ ಬಿಡದೆ ನೆನಪಿಗೆ ಬಂದವು. ದನಿ ಮಾತ್ರ ಬರಲಿಲ್ಲ. ಎಷ್ಟು ಕಿವಿಗೊಟ್ಟರೂ ಒಳಗೆ ಆ ವಾಕ್ಯ ಅಕ್ಷರವಾಗಿ, ಹಲಗೆಯ ಮೇಲಿನ ದುಂಡನೆಯ ಅಕ್ಷರವಾಗಿಯೇ ಕಾಣುತ್ತಿತ್ತು.

ಇನ್ನೂರ ಹದಿನಾರನೆಯ ವಾಕ್ಯಕ್ಕೆ ಹರಾಜು ಕೂಗುವವನ ಗಂಟಲು ನಿಂತಿತು. ಎರಡು ಸಾವಿರಕ್ಕೆ ಅದು ಯಾವ ಮೂಲೆಗೂ ಸಾಲದು. ಮೇಡಂ, ಇಷ್ಟರಲ್ಲಿ ವಿಶ್ವವಿದ್ಯಾಲಯದವರು ಏನಾದರೂ ಮಾಡಬಹುದೋ ಕೇಳ್ತೀನಿ ಎಂದಳು. ಹರಾಜು ಕೂಗುವವನು ಪಂಡಿತನ ಭುಜ ತಟ್ಟಿ ವಾರ್ಡಿಗೆ ಹೋದ. ಆ ತಟ್ಟಿದ್ದನ್ನು ತಾಳಿಕೊಳ್ಳಲು ಪಂಡಿತನಿಗೆ ಕಷ್ಟವಾಯಿತು. ಅಕ್ಕನನ್ನು ಬಿಟ್ಟು ಉಳಿದ ನಲವತ್ತೈದು ಜನರ ಫೋನ್ ನಂಬರುಗಳ ಪಟ್ಟಿಯನ್ನು ಮೇಡಂ ಕೈಯಿಂದ ಇಸಿದುಕೊಂಡು ಮಡಚಿ ಜೇಬಿನಲ್ಲಿಟ್ಟುಕೊಂಡ. ಅವರಿಗೆ ಫೋನ್ ಮಾಡಿದರೆ ಅವರು ಉತ್ತರಿಸಲಾರರು, ಮನೆಯವರು ಎತ್ತಬೇಕು. ಒಬ್ಬೊಬ್ಬರ ಮನೆಗೂ ತಾನೇ ಹೋಗಿ ಹೇಳಬೇಕೆಂದು ಬಸ್ಸಿನಲ್ಲಿ ತೀರ್ಮಾನಿಸಿದ.

ಮನೆಯಲ್ಲಿ ಅಕ್ಕ ಊಟಕ್ಕಿಟ್ಟು ಕೂತಿದ್ದಳು. ತಟ್ಟೆಗಳ ನಡುವೆ ಫೋನಿತ್ತು, ಈಗ ಅದು ಕವುಚಿರಲಿಲ್ಲ. ಅವನು ಕೂತ ಮೇಲೆ ಅವಳು ಬೆರಳಿನಿಂದ ಒತ್ತಿದಳು.

"ಒಂದು, ಎರಡು, ಮೂರು, ನಾಲ್ಕು..." ಅಕ್ಕ ಎಣಿಸಿದಳು. ಅದೇ, ಕೆಳಗಿನ ಮಹಡಿಗೂ ಕೇಳಿಸುವ, ಏಳರ ಹತ್ತಿರ ಸ್ವಲ್ಪ ಏರುವ ದನಿ. ಹತ್ತಾದ ಮೇಲೆ ಒಂದು ಸಣ್ಣ ಕೆಮ್ಮು. "ಸಾಕೇನಮ್ಮಾ?"

 ಗುಂಡ ಹೊಸ್ತಿಲ ಮೇಲೆ ಕೂತು ಮಗ್ಗಿ ಹೇಳುತ್ತಿದ್ದ ಆರು ವರ್ಷದ ಹುಡುಗನಾದ. ಅಕ್ಕ ಮಾತ್ರ ಹುಬ್ಬು ಗಂಟಿಕ್ಕಿ ಫೋನನ್ನು ನೋಡುತ್ತಿದ್ದಳು. ಇನ್ನೊಂದು ಸಲ ಒತ್ತಿದಳು. ಇನ್ನೂ ಒಂದು ಸಲ. ಆಮೇಲೆ ಹಲಗೆ ತೆಗೆದುಕೊಂಡಳು.

'ಇದು ಯಾರದು?'

"ನಿಂದೇ ಅಕ್ಕ."

ಅವಳು ಇಲ್ಲವೆಂದು ತಲೆಯಾಡಿಸಿದಳು. 'ನನ್ನ ದನಿ ಇಷ್ಟು ತೆಳ್ಳಗಿರಲಿಲ್ಲ.'

ತನ್ನ ದನಿ ತನಗೆ ಕೇಳಿಸುವುದೇ ಬೇರೆ, ಹೊರಗಿನವರಿಗೆ ಕೇಳಿಸುವುದೇ ಬೇರೆ, ಧ್ವನಿ ಕೋಣೆಯಲ್ಲಿ ಎಲ್ಲರೂ ಹೀಗೇ ಅನ್ನುತ್ತಾರೆ ಎಂದು ಅವನಿಗೆ ಗೊತ್ತಿತ್ತು.  ಅವಳ ಒಳಗಿನಿಂದ ಅವಳಿಗೆ ಕೇಳುತ್ತಿದ್ದ ಆ ದನಿ ಎಂಟು ತಿಂಗಳ ಹಿಂದೆಯೇ ಹೋಗಿತ್ತು, ಯಾವ ಡಿಸ್ಕಿನಲ್ಲೂ ಅದು ಎಂದೂ ಇರಲಿಲ್ಲ. ಇವನಿಗೆ ಕೇಳುತ್ತಿದ್ದ ಅವಳ ದನಿ ಹದಿನಾಲ್ಕು ಸೆಕೆಂಡಾದರೂ ಉಳಿದಿತ್ತು. ಅವಳಿಗೆ ಅಷ್ಟೂ ಉಳಿದಿರಲಿಲ್ಲ.

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೇಜಿಗೆ ಹಣೆಯಿಟ್ಟು ಅತ್ತ. ಬೆಳಗಿನಿಂದ ಬಾರದ ಅಳು. ಅಕ್ಕ ಒಂದಷ್ಟು ಹೊತ್ತು ಅವನ ತಲೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಆಮೇಲೆ ಹಲಗೆಯನ್ನು ಒರೆಸಿ ಏನೋ ಬರೆದು, ಅವನ ಹೆಗಲು ಮುಟ್ಟಿ, ಅವನು ತಲೆಯೆತ್ತುವವರೆಗೂ ಅದನ್ನು ಹಿಡಿದುಕೊಂಡೇ ಇದ್ದಳು. ಹಳೆಯ ಅಭ್ಯಾ­ಸದಂತೆ ಮೊದಲು ಒಂದು ರೈಟ್ ಗುರುತು, ಅದರ ಮುಂದೆ ದುಂಡನೆಯ ಅಕ್ಷರ.

'ಎಣಿಕೆ ಸರಿಯಾಗಿದೆ. ಊಟ ಮಾಡು.'